ಪಟ ತೆಗೆದವರು, ಪಟ ತೆಗೆಯಲು ಕಲಿಸಿದವರು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಬಂದವರಿಗೆ ಮೊದಲು ಕಣ್ಸೆಳೆಯುವುವು ಅಲ್ಲಿನ ಮದನಿಕೆಯ ವಿಗ್ರಹಗಳು. ಆ ವಿಗ್ರಹಗಳಲ್ಲಿ ಹಲವುದರ ಪೀಠದಲ್ಲಿ ಅವನ್ನು ಕಡೆದ ಶಿಲ್ಪಿಯ ಹೆಸರೂ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳನ್ನು ನಾವು ತಿಳಿದಿರುವುದು ಈ ಬರಹಗಳ ದೆಸೆಯಿಂದಲೇ. ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮನ ಹೆಸರು ದೊರೆಯುತ್ತದೆ. ಹೊಯ್ಸಳರ ಕಾಲದ ಶಿಲ್ಪಿಯು ತನ್ನ ಕೆಲಸದ ಕೆಳಗೆ ತನ್ನ ಹೆಸರನ್ನು ಕಡೆದನು. ತಂದೆಯ ಹೆಸರನ್ನು ಹೇಳಿದನು. ತನ್ನ ಊರನ್ನು ಹೇಳಿದನು. ಅದರಿಂದಾಗಿ ಸುಮಾರು ಒಂಬತ್ತು ಶತಮಾನಗಳು ಕಳೆದ ಮೇಲೂ ಆ ವಿದ್ಯೆಯು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದು ಬಂದ ದಾರಿಯನ್ನು ನಾವು ಕಾಣಬಲ್ಲೆವು.

ಶಿಲ್ಪಕ್ಕೆ ದೊರೆತ ಈ ಭಾಗ್ಯವು ಛಾಯಾಚಿತ್ರಕ್ಕೆ ದೊರೆಯಲಿಲ್ಲ. ಛಾಯಾಚಿತ್ರವು ನಮ್ಮ ನಾಡಿಗೆ ಬಂದು ಇನ್ನೂ ಎರಡು ಶತಮಾನಗಳು ತುಂಬಿಲ್ಲ. ಇಷ್ಟು ಹತ್ತಿರದ ವಿದ್ಯೆಯಾದರೂ ಅದನ್ನು ಇಲ್ಲಿ ಬೇರೂರಿಸಿದ ಉಪಾಧ್ಯಾಯರ ಹೆಸರನ್ನು ನಮ್ಮಲ್ಲಿ ಕೇಳಿದವರು ವಿರಳ. ಪಟ ತೆಗೆದ ಅಧಿಕಾರಿಯ ಹೆಸರು ಗ್ರಂಥಗಳಲ್ಲಿದೆ. ಅವನ ಬಳಿ ಕಲಿತು ನೂರಾರು ಮಂದಿಗೆ ದಾರಿ ತೆರೆದವನ ಹೆಸರು ಮೂಲೆಗೆ ಬಿದ್ದಿದೆ. ಇನ್ನು ಪಟದಲ್ಲಿ ಕುಳಿತವರ ಪಾಡಂತೂ ಹೇಳತೀರದು. ಈ ಎರಡು ಮರೆವುಗಳನ್ನೂ ಒಟ್ಟಿಗೆ ನೋಡಿ, ಶಾಲೆಗಳಲ್ಲಿರುವ ನಾವು ಮಾಡಬಹುದಾದುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ವಿದ್ಯೆಯ ಸ್ವರೂಪವನ್ನು ನೋಡೋಣ. 1839ರಲ್ಲಿ ಫ್ರಾನ್ಸಿನ ಡಾಗೇರ್ ಎಂಬುವರ ವಿಧಾನವು ಪ್ರಕಟವಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಬೆಳಕೇ ಚಿತ್ರ ಬರೆಯುವಂತೆ ಅವರು ಮಾಡಿದರು. ಆದರೆ ಅಲ್ಲಿ ಒಂದು ತಗಡಿಗೆ ಒಂದೇ ಚಿತ್ರ. ಇಂಗ್ಲೆಂಡಿನ ಟಾಲ್ಬಟ್ ಎಂಬುವರು ಕಾಗದದ ಮೇಲೆ ಕಪ್ಪು ಬಿಳಿಗಳು ತಿರುಗಾಮುರುಗಾ ಆದ ಚಿತ್ರವನ್ನು ಪಡೆದು, ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವ ಮಾರ್ಗವನ್ನು ಕಂಡುಹಿಡಿದರು. ಆ ತಿರುಗಾದ ಚಿತ್ರವನ್ನೇ ನಾವು ನೆಗೆಟಿವ್ ಎನ್ನುತ್ತೇವೆ. 1851ರಲ್ಲಿ ಆರ್ಚರ್ ಎಂಬುವರು ಗಾಜಿನ ಮೇಲೆ ಕಲೋಡಿಯನ್ ಎಂಬ ಅಂಟುದ್ರವವನ್ನು ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಹಸಿಯಿರುವಾಗಲೇ ಪಟ ತೆಗೆಯುವ ರೀತಿಯನ್ನು ತಿಳಿಸಿದರು. ಮುಂದಿನ ಸುಮಾರು ಮೂವತ್ತು ವರ್ಷಗಳ ಕಾಲ ಲೋಕದಲ್ಲೆಲ್ಲ ನಡೆದುದು ಹೆಚ್ಚಾಗಿ ಈ ಹಸಿಗಾಜಿನ ಕೆಲಸವೇ.

ಇದು ಗ್ರಂಥವನ್ನು ಓದಿ ಕಲಿಯಬಹುದಾದ ವಿದ್ಯೆಯಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಗಾಜಿನ ಮೇಲೆ ದ್ರವವನ್ನು ಹೊಯ್ದು, ನಾಲ್ಕು ಮೂಲೆಗೂ ಹರಿಯಿಸಿ, ಮಿಕ್ಕುದನ್ನು ಒಂದು ಮೂಲೆಯಿಂದ ಸೀಸೆಗೆ ಹಿಂದಕ್ಕೆ ಬಸಿಯಬೇಕು. ಎಲ್ಲಿಯೂ ಗೆರೆಯಾಗಲಿ ಗುಳ್ಳೆಯಾಗಲಿ ಉಳಿಯಬಾರದು. ಅದನ್ನು ಕತ್ತಲೆಯಲ್ಲಿ ಬೆಳ್ಳಿಯ ನೀರಿನಲ್ಲಿ ಅದ್ದಿ ತೆಗೆದು, ಒಣಗುವುದಕ್ಕೆ ಮುಂಚೆ ಪಟ ಹಿಡಿದು, ಒಡನೆಯೇ ಕತ್ತಲೆಯ ಡೇರೆಗೆ ಓಡಿ ಚಿತ್ರವನ್ನು ಹೊರಡಿಸಬೇಕು. ತಣ್ಣನೆಯ ದೇಶದಲ್ಲಿ ಇದಕ್ಕೆ ಹತ್ತು ನಿಮಿಷಗಳ ಅವಕಾಶವಿದ್ದರೆ, ನಮ್ಮ ಸೆಕೆಯಲ್ಲಿ ಅದೂ ಇರದು. ದ್ರವದ ಹದ, ಬೆಳಕಿನ ಅಳತೆ, ಚಿತ್ರ ಮೂಡಿಬರುವಾಗ ತಡೆಯಬೇಕಾದ ಕ್ಷಣ ಇವೆಲ್ಲವೂ ಕೈಗೂ ಕಣ್ಣಿಗೂ ತಿಳಿಯಬೇಕಾದ ಸಂಗತಿಗಳು. ಅಡಿಗೆಯ ಹದವನ್ನು ತಾಯಿಯ ಬಳಿ ನಿಂತು ಕಲಿಯುವಂತೆ ಇದನ್ನೂ ಬಲ್ಲವರ ಮಗ್ಗುಲಲ್ಲಿ ನಿಂತೇ ಕಲಿಯಬೇಕು. ಆದುದರಿಂದ ಛಾಯಾಚಿತ್ರದ ಇತಿಹಾಸವೆಂದರೆ ಒಂದು ಬಗೆಯಲ್ಲಿ ಕಲಿಸಿದವರ ಇತಿಹಾಸವೇ ಆಗಿದೆ.

ದಕ್ಷಿಣ ದೇಶದಲ್ಲಿ ಈ ಕಥೆಯ ಮೊದಲ ಅಧ್ಯಾಯಗಳಲ್ಲೊಂದು ನಡೆದುದು ಕನ್ನಡ ನಾಡಿನಲ್ಲಿ. ಲಿನೇಯಸ್ ಟ್ರೈಪ್ ಎಂಬ ಮದ್ರಾಸ್ ಸೇನೆಯ ಅಧಿಕಾರಿ 1822ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಜನಿಸಿದವರು. ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ ಛಾಯಾಚಿತ್ರವನ್ನು ಅಭ್ಯಾಸ ಮಾಡಿ, 1854ರಲ್ಲಿ ಬೆಂಗಳೂರಿನ ದಂಡಿಗೆ ಹಿಂತಿರುಗಿದರು. ಅದೇ ವರ್ಷದ ಕೊನೆಯಲ್ಲಿ ಹಳೇಬೀಡು ಬೇಲೂರುಗಳಿಗೆ ಹೋಗಿ ಅಲ್ಲಿನ ದೇವಾಲಯಗಳ ಪಟಗಳನ್ನು ತೆಗೆದರು. 1855ರಲ್ಲಿ ಮದ್ರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಅವರ 68 ಚಿತ್ರಗಳನ್ನು ಇಟ್ಟಿದ್ದರು. ದಾಸೋಜ ಚಾವಣರ ಕೆಲಸದ ಮೇಲೆ ಹೊಸ ಕಾಲದ ಈ ಯಂತ್ರದ ಕಣ್ಣು ಬಿದ್ದುದು ಹೀಗೆ. ಆಗ ಬ್ರಿಟಿಷ್ ವೈದ್ಯರಾದ ನೀಲ್ ಎಂಬುವರೂ ಹೊಯ್ಸಳ ಶಿಲ್ಪಗಳ ಪಟಗಳನ್ನು ತೆಗೆಯುತ್ತಿದ್ದರು. ಅವರ ಚಿತ್ರಗಳು, ಪಿಗೌ ಮತ್ತು ಬಿಗ್ಸ್ ಎಂಬುವರ ಚಿತ್ರಗಳೊಡನೆ, 1866ರಲ್ಲಿ ಹೊರಬಂದ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿ ಸೇರಿವೆ.

1855ರಲ್ಲಿ ಟ್ರೈಪರು ಬ್ರಿಟಿಷ್ ನಿಯೋಗದೊಡನೆ ಬರ್ಮಾ ದೇಶಕ್ಕೆ ಹೋಗಿ ಬಂದರು. ಆ ಚಿತ್ರಗಳ ಪ್ರತಿಗಳನ್ನು ತೆಗೆದುದು ಬೆಂಗಳೂರಿನಲ್ಲಿಯೇ. ಒಂದು ಸಂಪುಟಕ್ಕೆ 120 ಚಿತ್ರಗಳಂತೆ ಐವತ್ತು ಸಂಪುಟಗಳು. ಎಂದರೆ 6,000 ಪ್ರತಿಗಳು. ಈಗಿನಂತೆ ಗುಂಡಿಯೊತ್ತಿದರೆ ಹೊರಬೀಳುವ ಪ್ರತಿಗಳಲ್ಲ ಅವು. ಒಂದೊಂದು ಕಾಗದವನ್ನೂ ಲವಣಗಳಲ್ಲಿ ಅದ್ದಿ, ಒಣಗಿಸಿ, ನೆಗೆಟಿವಿಗೆ ಅಂಟಿ ನಿಲ್ಲುವಂತೆ ಚೌಕಟ್ಟಿನಲ್ಲಿಟ್ಟು, ಬಿಸಿಲಿಗೆ ಹಿಡಿದು, ಮೂಡಿದ ಚಿತ್ರವನ್ನು ಹೈಪೋ ನೀರಿನಲ್ಲಿ ನಿಲ್ಲಿಸಿ, ಶುದ್ಧವಾದ ನೀರಿನಲ್ಲಿ ಬಹು ಹೊತ್ತು ತೊಳೆಯಬೇಕು. ಒಬ್ಬನ ಕೈಯಿಂದ ಆಗುವ ಕೆಲಸವಲ್ಲ ಇದು. ನೀರು ತಂದ ಕೈಗಳು, ಚೌಕಟ್ಟನ್ನು ಬಿಸಿಲಿಗೆ ತಿರುಗಿಸಿದ ಕೈಗಳು, ಕಾಗದವನ್ನು ತೊಳೆದ ಕೈಗಳು ಹಲವು. ಚಿತ್ರದ ಅಂಚಿನಲ್ಲಿರುವುದು ಮಾತ್ರ ಟ್ರೈಪರೊಬ್ಬರ ಸಹಿ.

1856ರಲ್ಲಿ ಮದ್ರಾಸ್ ಸರ್ಕಾರವು ಅವರನ್ನು ಪ್ರಾಂತದ ಸರ್ಕಾರಿ ಛಾಯಾಗ್ರಾಹಕರನ್ನಾಗಿ ನೇಮಿಸಿತು. 1857ರ ಕೊನೆಯಲ್ಲಿ ಬೆಂಗಳೂರಿನಿಂದ ಹೊರಟು ಸೇಲಂ ಸೀಮೆ, ತಿರುಚಿರಾಪಳ್ಳಿ, ಮಧುರೆ, ಪುದುಕ್ಕೋಟೆ, ತಂಜಾವೂರುಗಳನ್ನು ಅವರು ಸಂಚರಿಸಿದರು. ಈ ಸಂಚಾರದ ಮಧುರೆಯ ಭಾಗವು ನಮಗೆ ವಿಶೇಷವಾಗಿ ಸಂಬಂಧಿಸಿದುದು. ಹನುಮಂತನಪಟ್ಟಿ ಸೇರಿದಂತೆ ನಮ್ಮ ಕಂಬಂ ಕಣಿವೆಯೂ ದಿಂಡಿಗಲ್ಲಿನ ಸೀಮೆಯೂ ಆಗ ಮಧುರೆ ಜಿಲ್ಲೆಗೇ ಸೇರಿದ್ದುವು. ದಿಂಡಿಗಲ್ಲು ಬೇರೆ ಜಿಲ್ಲೆಯಾದುದು 1985ರಲ್ಲಿ. ತೇನಿ ಜಿಲ್ಲೆ ರಚಿತವಾದುದು 1996ರಲ್ಲಿ. ಮಧುರೆಯಲ್ಲಿ ಟ್ರೈಪರು ಮೀನಾಕ್ಷಿ ದೇವಾಲಯವನ್ನೂ ತಿರುಮಲ ನಾಯಕನ ಅರಮನೆಯನ್ನೂ ಪಟ ತೆಗೆದರು. ವೈಗೈ ನದಿಗೆ ಅಡ್ಡಲಾಗಿದ್ದ ಸೇತುದಾರಿಯನ್ನೂ ತೆಗೆದರು. ನಮ್ಮ ವರುಷನಾಡಿನ ಬೆಟ್ಟಗಳಲ್ಲಿ ಹುಟ್ಟಿ ಹರಿಯುವ ನದಿಯ ಒಂದು ಹಳೆಯ ಪಟ ಅದು. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಡಿಪಾಯದ ಶಾಸನಗಳನ್ನು 21 ಚಿತ್ರಗಳಲ್ಲಿ ಹಿಡಿದು, ಒಂದಕ್ಕೊಂದು ಜೋಡಿಸಿ, 19 ಅಡಿಗೂ ಮಿಕ್ಕ ಉದ್ದದ ಒಂದೇ ಪಟವನ್ನಾಗಿ ಮಾಡಿದುದು ಅವರ ತಾಳ್ಮೆಗೆ ಸಾಕ್ಷಿಯಾಗಿದೆ. ಕಲ್ಲಿನ ಬರಹವನ್ನು ಮನೆಯಲ್ಲಿ ಕುಳಿತು ಪರಿಶೀಲಿಸುವ ಸೌಕರ್ಯವನ್ನು ವಿದ್ವಾಂಸರಿಗೆ ಛಾಯಾಚಿತ್ರವು ಒದಗಿಸಬಲ್ಲದು ಎಂಬುದು ಇದರಿಂದ ತಿಳಿಯಿತು.

ಈಗ ಗುರುಶಿಷ್ಯರ ಮಾತಿಗೆ ಬರೋಣ. ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರಿದ್ದರು. ಅವರು 1850ರಲ್ಲಿ ತಮ್ಮ ಸ್ವಂತ ಪ್ರಯತ್ನದಿಂದ ಒಂದು ಕಲಾಶಾಲೆಯನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಸರ್ಕಾರವು ಅದನ್ನು ವಹಿಸಿಕೊಂಡಿತು. ಇಂದು ಚೆನ್ನೈಯಲ್ಲಿರುವ ಸರ್ಕಾರಿ ಲಲಿತಕಲಾ ಕಾಲೇಜಿಗೆ ಇದೇ ಮೂಲ. ಚಿತ್ರ ಬರೆಯುವುದು, ಮರದ ಅಚ್ಚು ಕೊರೆಯುವುದು, ಮಣ್ಣಿನ ಪಾತ್ರೆಗಳನ್ನು ಮಾಡುವುದು ಮುಂತಾದುವುಗಳ ಜೊತೆಗೆ ಛಾಯಾಚಿತ್ರವನ್ನೂ ಅಲ್ಲಿನ ಹುಡುಗರಿಗೆ ಕಲಿಸಬೇಕೆಂಬುದು ಹಂಟರರ ಹಂಬಲ. 1856ರಲ್ಲಿ ಮದ್ರಾಸಿನಲ್ಲಿ ಛಾಯಾಚಿತ್ರ ಸಂಘವು ಸ್ಥಾಪಿತವಾದಾಗ ಅದರ ಮುಂದಾಳುಗಳಲ್ಲಿಯೂ ಅವರು ಒಬ್ಬರು.

ಈ ಶಾಲೆಯ ವಿದ್ಯಾರ್ಥಿಗಳಲ್ಲಿ ಸಿ. ಅಯ್ಯಾಸ್ವಾಮಿ ಎಂಬುವರು ಟ್ರೈಪರ ಸಹಾಯಕರಾದರು. ಅವರ ಬಳಿ ಕೆಲಸ ಮಾಡುತ್ತಲೇ ಆ ವಿದ್ಯೆಯನ್ನು ಕರಗತ ಮಾಡಿಕೊಂಡರು. ಅನಂತರ ತಾವು ಕಲಿತ ಶಾಲೆಯಲ್ಲಿಯೇ ಛಾಯಾಚಿತ್ರದ ಉಪಾಧ್ಯಾಯರಾದರು. ನಮ್ಮ ಈ ಲೇಖನದ ನಾಯಕರು ಇವರೇ. ಪರದೇಶದ ಯಂತ್ರವೊಂದು ನಮ್ಮ ವಿದ್ಯೆಯಾದುದು ಯಾವಾಗ? ಅದು ಹಡಗಿನಿಂದ ಇಳಿದ ದಿನವಲ್ಲ. ಅಧಿಕಾರಿಯೊಬ್ಬನು ಅದನ್ನು ಹೊತ್ತು ನಮ್ಮ ದೇವಾಲಯಗಳ ಮುಂದೆ ನಿಲ್ಲಿಸಿದ ದಿನವೂ ಅಲ್ಲ. ಅಯ್ಯಾಸ್ವಾಮಿಯವರಂಥವರು ಶಾಲೆಯಲ್ಲಿ ನಿಂತು, ಗಾಜಿನ ಮೇಲೆ ದ್ರವವನ್ನು ಹೊಯ್ಯುವ ಬಗೆಯನ್ನು ಈ ನಾಡಿನ ಹುಡುಗರಿಗೆ ತೋರಿಸಿದ ದಿನವೇ ಅದು ನಮ್ಮದಾಯಿತೆಂದು ನಾವು ನಂಬುತ್ತೇವೆ.

ಇದಕ್ಕೆ ಆಧಾರವು ಇತಿಹಾಸದಲ್ಲಿಯೇ ಇದೆ. 1859ರಲ್ಲಿ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಮದ್ರಾಸಿನ ಗವರ್ನರಾಗಿ ಬಂದರು. ಸರ್ಕಾರದ ಖರ್ಚನ್ನು ತಗ್ಗಿಸಲು ಹೊರಟ ಅವರ ದೃಷ್ಟಿಗೆ ಛಾಯಾಚಿತ್ರದ ವೆಚ್ಚವು ಬರಿಯ ವೈಭವವಾಗಿ ಕಂಡಿತು. ಆ ಕೆಲಸವನ್ನು ನಿಲ್ಲಿಸುವಂತೆ ಆಜ್ಞೆಯಾಯಿತು. ಟ್ರೈಪರ ಸರ್ಕಾರಿ ಕೆಲಸವು 1860ರೊಳಗೆ ಮುಗಿಯಿತು. ಆ ಮೇಲೆ ಅವರು ತೆಗೆದ ಪಟಗಳು ಅತ್ಯಲ್ಪ. ಪಟ ತೆಗೆಯುವ ಕಚೇರಿಯೇನೋ ಮುಚ್ಚಿತು. ಆದರೆ ಶಾಲೆಯ ಪಾಠ ನಿಲ್ಲಲಿಲ್ಲ. 1873ರಲ್ಲಿ ಬ್ರೀಕ್ಸ್ ಎಂಬ ಅಧಿಕಾರಿಯು ನೀಲಗಿರಿಯ ಬುಡಕಟ್ಟುಗಳನ್ನು ಕುರಿತು ಬರೆದ ಗ್ರಂಥವು ಹೊರಬಂದಾಗ, ಅದಕ್ಕೆ ಬೇಕಾದ ಛಾಯಾಚಿತ್ರಗಳು ದೊರೆತುದು ಮದ್ರಾಸಿನ ಕಲಾಶಾಲೆಯವರ ಕೈಯಿಂದ. ಅಧಿಕಾರಿಯೊಡನೆ ಬಂದ ಕೆಲಸವು ಆಜ್ಞೆಯೊಂದರಿಂದ ನಿಂತುಹೋಯಿತು. ಶಾಲೆಗೆ ಸೇರಿದ ಕೆಲಸವು ಹುಡುಗರ ಕೈಯಲ್ಲಿ ಮುಂದುವರಿಯಿತು. ಉಪಾಧ್ಯಾಯವೃತ್ತಿಯಲ್ಲಿರುವ ನಮಗೆ ಇದಕ್ಕಿಂತ ಧೈರ್ಯ ಕೊಡುವ ಉದಾಹರಣೆ ಬೇರೆ ಬೇಕಿಲ್ಲ.

ಛಾಯಾಚಿತ್ರವು ಯಂತ್ರದ ಕೆಲಸವೋ ಕಲೆಯೋ ಎಂಬ ಚರ್ಚೆಗೂ ಇಲ್ಲಿ ಉತ್ತರವಿದೆ. ಆ ಕಾಲದ ಲೇಪಗಳಿಗೆ ನೀಲಿಯ ಬಣ್ಣವು ಬಿಳಿಯಂತೆಯೇ ತೋರುತ್ತಿತ್ತು. ಎಷ್ಟು ಸುಂದರವಾದ ಆಕಾಶವಿದ್ದರೂ ಪಟದಲ್ಲಿ ಅದು ಬರಿಯ ಬಿಳಿಯ ಕಾಗದ. ಟ್ರೈಪರು ತಮ್ಮ ಕಾಗದದ ನೆಗೆಟಿವುಗಳ ಮೇಲೆ ಕುಂಚದಿಂದ ಬಣ್ಣ ಹಚ್ಚಿ ಮೋಡಗಳನ್ನು ಮೂಡಿಸಿದರು. ಗಿಡಮರಗಳ ಎಲೆಗಳನ್ನು ತಿದ್ದಿದರು. ಕಣ್ಣು ಕಂಡುದನ್ನು ಯಂತ್ರವು ಕಾಣದೆ ಹೋದಾಗ ಕೈಯು ಅದನ್ನು ತುಂಬಿಕೊಟ್ಟಿತು. ಮುಂದೆ ಭಾವಚಿತ್ರದ ಅಂಗಡಿಗಳು ಬಂದಾಗ ಈ ತಿದ್ದುವ ಕೆಲಸವೇ ಒಂದು ಪ್ರತ್ಯೇಕ ಕಸುಬಾಯಿತು. ಸಣ್ಣಗೆ ಚೂಪು ಮಾಡಿದ ಸೀಸದ ಕಡ್ಡಿಯಿಂದ ಗಾಜಿನ ನೆಗೆಟಿವಿನ ಮೇಲೆ ಮುಖದ ಸುಕ್ಕುಗಳನ್ನು ಮೃದುಗೊಳಿಸುವುದು, ಪ್ರತಿಯ ಮೇಲೆ ಸೀರೆಯ ಅಂಚಿಗೂ ಒಡವೆಗೂ ಬಣ್ಣ ಹಚ್ಚುವುದು, ಇವು ಶಿಷ್ಯನು ಗುರುವಿನಿಂದ ವರ್ಷಗಟ್ಟಲೆ ಕಲಿಯಬೇಕಾದ ಕೆಲಸಗಳು. ಆದರೆ ತಿದ್ದುವುದಕ್ಕೆ ಒಂದು ಮೇರೆಯಿದೆ. ಅಜ್ಜಿಯ ಮುಖದ ಸುಕ್ಕುಗಳನ್ನೆಲ್ಲ ಅಳಿಸಿದರೆ ಉಳಿಯುವುದು ಅಜ್ಜಿಯಲ್ಲ. ಆ ಮೇರೆ ಎಲ್ಲಿದೆಯೆಂಬುದನ್ನು ತಿಳಿಸುವುದೇ ಗುರುವಿನ ದೊಡ್ಡ ಪಾಠ.

ಇನ್ನು ಪಟದಲ್ಲಿ ಕುಳಿತವರ ಮಾತು. ಕಟ್ಟಡಗಳ ಪಟಗಳಾದ ಮೇಲೆ ಸರ್ಕಾರದ ದೃಷ್ಟಿಯು ಜನರ ಕಡೆಗೆ ಹೊರಳಿತು. 1868ರಿಂದ 1875ರವರೆಗೆ ಭಾರತದ ಜನಗಳನ್ನು ಕುರಿತ ಎಂಟು ಸಂಪುಟಗಳ ಒಂದು ಗ್ರಂಥವು ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ 468 ಛಾಯಾಚಿತ್ರಗಳಿವೆ. ಅವುಗಳಲ್ಲಿ ಬಹುಪಾಲಿನ ಕೆಳಗೆ ಇರುವುದು ಕುಳಿತವರ ಹೆಸರಲ್ಲ. ಅವರ ಜಾತಿಯ ಹೆಸರು, ಊರಿನ ಹೆಸರು. ಅನಂತರ ಮದ್ರಾಸಿನ ಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಎಡ್ಗರ್ ಥರ್ಸ್ಟನ್ ಎಂಬುವರು, ರಂಗಾಚಾರಿಯವರ ನೆರವಿನಿಂದ, ದಕ್ಷಿಣದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತು ಏಳು ಸಂಪುಟಗಳನ್ನು 1909ರಲ್ಲಿ ಹೊರತಂದರು. ಅದಕ್ಕಾಗಿ ಜನರ ತಲೆ ಮೂಗುಗಳನ್ನು ಉಪಕರಣಗಳಿಂದ ಅಳೆದರು, ಪಟಗಳನ್ನೂ ತೆಗೆಸಿದರು. ನಮ್ಮ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಕಪ್ಪಿಲಿಯರ ವಿಷಯವೂ ಅದರಲ್ಲಿದೆ. ಮಧುರೆ ತಿರುನಲ್ವೇಲಿ ಜಿಲ್ಲೆಗಳಲ್ಲಿ ಹೆಚ್ಚಾಗಿರುವ, ಕನ್ನಡ ಮಾತನಾಡುವ ಒಕ್ಕಲು ಜನರೆಂದು ಥರ್ಸ್ಟನ್ನರು ಅವರನ್ನು ವರ್ಣಿಸಿದ್ದಾರೆ.

ಆ ಸಂಪುಟಗಳಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಮದುವೆಯ ಪದ್ಧತಿ, ಕುಲದ ಹೆಸರು, ಹಬ್ಬದ ಆಚರಣೆ ಮುಂತಾದ ಎಷ್ಟೋ ಸಂಗತಿಗಳು ಅಲ್ಲಿ ದಾಖಲಾಗಿವೆ. ಅವನ್ನು ಇಂದಿಗೂ ಸಂಶೋಧಕರು ತಿರುವಿಹಾಕುತ್ತಾರೆ. ಆದರೆ ಅಲ್ಲಿ ಮನುಷ್ಯನು ಒಂದು ಜಾತಿಯ ಮಾದರಿಯಾಗಿ ನಿಂತಿದ್ದಾನೆಯೇ ಹೊರತು ತಾನಾಗಿ ನಿಂತಿಲ್ಲ. ಹೆಸರಿಲ್ಲದ ಪಟವು ನಮ್ಮನ್ನು ಬರಿಯ ಮೂಗಿನ ಅಳತೆಗೆ ಇಳಿಸಿಬಿಡುತ್ತದೆ. ಹೆಸರಿದ್ದ ಪಟದಲ್ಲಿ ಅದೇ ಮುಖವು ಒಬ್ಬರ ತಂದೆ, ಒಬ್ಬರ ಅಣ್ಣ, ಒಂದು ಹೊಲದ ಒಡೆಯ, ಒಂದು ಊರಿನ ಹಿರಿಯ.

ಇದಕ್ಕೆ ಎದುರಾಗಿ ಪೇಟೆಯ ಸ್ಟುಡಿಯೋಗಳನ್ನು ನೋಡಬೇಕು. ಅಲ್ಲಿಯೂ ಇದ್ದುದು ಅದೇ ಕ್ಯಾಮರಾ, ಅದೇ ಗಾಜು, ಅದೇ ಹೈಪೋ. ಆದರೆ ಅಲ್ಲಿ ಕುಳಿತವರು ತಾವಾಗಿ ಬಂದು ಕುಳಿತವರು. ಮದುವೆಯಾದ ಹೊಸದರಲ್ಲಿ, ಮಗುವಿನ ಮೊದಲ ವರ್ಷದಲ್ಲಿ, ಮಗನು ದೂರದ ಊರಿಗೆ ಹೊರಡುವಾಗ ನಮ್ಮ ಹಿರಿಯರು ಒಳ್ಳೆಯ ಬಟ್ಟೆಯುಟ್ಟು ಪಟ ತೆಗೆಸಿಕೊಂಡರು. ಬಣ್ಣದ ಪರದೆ, ಕೆತ್ತನೆಯ ಕುರ್ಚಿ, ಮೇಜಿನ ಮೇಲಿನ ಹೂವಿನ ಕುಂಡ ಇವು ಕೇವಲ ಅಲಂಕಾರವೆನಿಸಬಹುದು. ಆದರೆ ಹೊಲದಲ್ಲಿ ದುಡಿದ ಮೈ ಒಂದು ಗಳಿಗೆ ಗೌರವದಿಂದ ಕುಳಿತುಕೊಳ್ಳಲು ಬೇಕಾದ ಆಸನವನ್ನು ಅವು ಒದಗಿಸಿದುವು. ಒಳ್ಳೆಯ ಭಾವಚಿತ್ರಕಾರನಿಗೆ ಗೊತ್ತಿರಬೇಕಾದುದು ಬೆಳಕು ಮಾತ್ರವಲ್ಲ. ಗಾಬರಿಯಿಂದ ಬಿಗಿದ ಭುಜವನ್ನು ಎರಡು ಮಾತಿನಿಂದ ಸಡಿಲಿಸುವುದು, ನಾಚುವ ಸೊಸೆಗೂ ಗಂಭೀರಳಾದ ಅತ್ತೆಗೂ ಒಪ್ಪುವ ನಿಲುವನ್ನು ಆರಿಸುವುದು, ಮಗುವು ಅಳುವುದಕ್ಕೂ ನಗುವುದಕ್ಕೂ ನಡುವಣ ಕ್ಷಣಕ್ಕೆ ಕಾಯುವುದು ಇವೂ ಆ ವಿದ್ಯೆಯ ಭಾಗವೇ. ಒಂದು ಪಕ್ಕದಿಂದ ಬರುವ ಮೃದುವಾದ ಬೆಳಕಿನಲ್ಲಿ ಮುಖದ ಒಂದು ಭಾಗವನ್ನು ನೆರಳಿಗೆ ಬಿಟ್ಟರೆ ಅದಕ್ಕೆ ಉಬ್ಬುತಗ್ಗು ಬರುತ್ತದೆ. ಎದುರಿನಿಂದ ಚೆಲ್ಲಿದರೆ ಮುಖವು ಚಪ್ಪಟೆಯಾಗುತ್ತದೆ. ಇದನ್ನು ಅಂಗಡಿಯ ಗುರುವು ಶಿಷ್ಯನಿಗೆ ಮಾತಿಗಿಂತ ಹೆಚ್ಚಾಗಿ ಕೈಯಿಂದಲೇ ಕಲಿಸಿದನು.

ಒಂದು ಭಾವಚಿತ್ರಕ್ಕೆ ಎಷ್ಟು ಶಕ್ತಿಯಿದೆಯೆಂಬುದನ್ನು ತಿಳಿಯಲು ನಮ್ಮ ಕಣಿವೆಯವರು ದೂರ ಹೋಗಬೇಕಾಗಿಲ್ಲ. ಮುಲ್ಲೈ ಪೆರಿಯಾರ್ ಅಣೆಕಟ್ಟಿನ ಕೆಲಸವು 1887ರಲ್ಲಿ ಆರಂಭವಾಗಿ 1895ರಲ್ಲಿ ಮುಗಿಯಿತು. ಪಡುವಣಕ್ಕೆ ಹರಿಯುತ್ತಿದ್ದ ನೀರು ಬೆಟ್ಟವನ್ನು ಕೊರೆದ ಸುರಂಗದಿಂದ ನಮ್ಮ ಕಡೆಗೆ ಬಂದಿತು. ಕಣಿವೆಯ ಗದ್ದೆಗಳು ಹಸುರಾದುವು. ಅದನ್ನು ಕಟ್ಟಿಸಿದ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ಕರ ಪಟವನ್ನು ಇಲ್ಲಿನ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದಾರೆ. ಮಕ್ಕಳಿಗೆ ಅವರ ಹೆಸರಿಟ್ಟವರಿದ್ದಾರೆ. 2013ರಲ್ಲಿ ಲೋಯರ್ ಕ್ಯಾಂಪಿನಲ್ಲಿ ಅವರ ಸ್ಮಾರಕವನ್ನೂ ತೆರೆದರು. ಮುಖವೂ ಹೆಸರೂ ಒಟ್ಟಿಗೆ ಉಳಿದುದರಿಂದ ಒಬ್ಬ ಪರದೇಶದ ಎಂಜಿನಿಯರು ನಮ್ಮ ಮನೆಯವರಾದರು. ಅದೇ ಅಣೆಕಟ್ಟಿಗೆ ಕಲ್ಲು ಸುಣ್ಣಗಳನ್ನು ಹೊತ್ತು, ಕಾಡಿನ ಜ್ವರಕ್ಕೂ ಪ್ರವಾಹಕ್ಕೂ ಪ್ರಾಣ ತೆತ್ತ ನೂರಾರು ಕೂಲಿಗಳಿಗೆ ನಮ್ಮ ಗೋಡೆಗಳ ಮೇಲೆ ಸ್ಥಳವಿಲ್ಲ. ಕೃತಜ್ಞತೆಯು ಕೂಡ ಪಟವನ್ನೂ ಹೆಸರನ್ನೂ ಬೇಡುತ್ತದೆ ಎಂಬುದಕ್ಕೆ ಇದೇ ನಿದರ್ಶನ.

ಕನ್ನಡ ನಾಡಿನಲ್ಲಿ ಈ ಗುರುಪರಂಪರೆ ಹೇಗೆ ಬೆಳೆಯಿತೆಂಬುದನ್ನೂ ಸಂಕ್ಷೇಪವಾಗಿ ಹೇಳಬೇಕು. ಪುಣೆಯಲ್ಲಿ ಸರ್ಕಾರವು ಚಲನಚಿತ್ರ ಶಿಕ್ಷಣಶಾಲೆಯನ್ನು ತೆರೆದುದು 1960ರಲ್ಲಿ. ಅದಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಚಲನಚಿತ್ರ ಛಾಯಾಗ್ರಹಣದ ಪಾಠ ನಡೆಯುತ್ತಿತ್ತು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು 1946ರಲ್ಲಿ ಅಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ, ಕತ್ತಲೆಯ ನಡುವೆ ಕಂಬದಂತೆ ನಿಲ್ಲಿಸಿದರು. ಉಮಾ ರಾವ್ ಅವರು ಬರೆದ ಮೂರ್ತಿಯವರ ಜೀವನಕಥೆಯ ಹೆಸರು ‘ಬಿಸಿಲುಕೋಲು’ ಎಂಬುದು ಎಷ್ಟು ಅರ್ಥವತ್ತಾಗಿದೆ! 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು. ಅವರು 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಅದೇ ಮೈಸೂರಿನಲ್ಲಿ ಅದೇ 1923ರಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರು ಪತ್ರಿಕೆಗಳಿಗಾಗಿ ಪಟ ತೆಗೆದವರು. ದೊಡ್ಡವರನ್ನು ತೆಗೆದಷ್ಟೇ ಶ್ರದ್ಧೆಯಿಂದ ದಾರಿಯಲ್ಲಿ ಆಡುವ ಮಕ್ಕಳನ್ನೂ ದುಡಿಯುವ ಹೆಂಗಸರನ್ನೂ ಅವರು ತೆಗೆದರು. 1977ರಲ್ಲಿ ಪದ್ಮಶ್ರೀ ಅವರಿಗೆ ದೊರೆಯಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಪಟಗಳ ಪ್ರದರ್ಶನವು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ನಡೆಯಿತು. ತಮ್ಮ ಅನುಭವಗಳನ್ನು ‘ಕಾಲಕ್ಕೆ ಕನ್ನಡಿ’ ಎಂಬ ಕನ್ನಡ ಪುಸ್ತಕವಾಗಿ ಬರೆದಿಟ್ಟು, 2009ರಲ್ಲಿ ಕಾಲವಾದರು. ಇನ್ನು ನಮಗೆ ಹತ್ತಿರದವರೆನಿಸುವ ಒಬ್ಬರ ಮಾತು. ಟಿ. ಎನ್. ಎ. ಪೆರುಮಾಳ್ ಅವರು 1932ರಲ್ಲಿ ತಂಜಾವೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದವರು, ಒ. ಸಿ. ಎಡ್ವರ್ಡ್ಸ್ ಎಂಬುವರ ಮಾರ್ಗದರ್ಶನದಲ್ಲಿ ಕಾಡಿನ ಪ್ರಾಣಿಪಕ್ಷಿಗಳ ಛಾಯಾಗ್ರಹಣವನ್ನು ಕಲಿತು, ತಮ್ಮ ಬಳಿಗೆ ಬಂದ ಯುವಕರಿಗೆ ಅದನ್ನು ಧಾರೆಯೆರೆದು, 2017ರಲ್ಲಿ ನಿಧನರಾದರು. ಕನ್ನಡ ನಾಡಿನಿಂದ ತಮಿಳು ನಾಡಿಗೆ ಬಂದು ನೆಲೆಸಿದವರು ನಮ್ಮ ಪೂರ್ವಿಕರು. ತಮಿಳು ನಾಡಿನಿಂದ ಕನ್ನಡ ನಾಡಿಗೆ ಹೋಗಿ ಗುರುವಾದವರು ಪೆರುಮಾಳ್. ವಿದ್ಯೆಗೆ ಗಡಿಯಿಲ್ಲ, ಕಲಿಸುವ ಮನಸ್ಸೊಂದೇ ಅದಕ್ಕೆ ಬೇಕಾದುದು.

ಈಗ ನಮ್ಮ ಊರುಗಳ ಸ್ಥಿತಿಯನ್ನು ನೋಡೋಣ. ಹನುಮಂತನಪಟ್ಟಿಯಂಥ ಊರುಗಳಲ್ಲಿ ಕನ್ನಡವು ಬಾಯಿಂದ ಬಾಯಿಗೆ ಬಂದಿದೆ, ಬರಹದಲ್ಲಿ ಬಂದಿಲ್ಲ. ಒಳಗೆ ಕನ್ನಡ ಮಾತು, ಹೊರಗೆ ತಮಿಳು ಮಾತು ಮತ್ತು ತಮಿಳು ಬರಹ. ಇಂಥ ಜನಕ್ಕೆ ಗೋಡೆಯ ಮೇಲಿನ ಹಳೆಯ ಪಟವು ಒಂದು ಶಾಸನವಿದ್ದಂತೆ. ಆದರೆ ಅಕ್ಷರವಿಲ್ಲದ ಶಾಸನ ಅದು. ಅದನ್ನು ಓದಬಲ್ಲವರು ಮನೆಯ ಅಜ್ಜಿಯೊಬ್ಬರೇ. ಇವರು ನಿಮ್ಮ ಮುತ್ತಜ್ಜ, ಇವರು ಅವರ ತಂಗಿ, ಇದು ಇಂಥ ವರ್ಷದ ಮಳೆಗಾಲದಲ್ಲಿ ಇಂಥ ಪೇಟೆಯಲ್ಲಿ ತೆಗೆಸಿದ್ದು ಎಂದು ಅವರು ಹೇಳಬಲ್ಲರು. ಅವರು ಕಣ್ಣು ಮುಚ್ಚಿದ ಮರುದಿನ ಆ ಪಟದಲ್ಲಿ ಕುಳಿತವರೆಲ್ಲರೂ ಹೆಸರಿಲ್ಲದವರಾಗುತ್ತಾರೆ. ಪರದೇಶದವರು ನಮ್ಮ ಹೆಸರನ್ನು ಬರೆಯಲಿಲ್ಲವೆಂದು ನಾವು ಕೊರಗುತ್ತೇವೆ; ನಮ್ಮ ಮನೆಯಲ್ಲಿರುವ ಪಟಗಳ ಹಿಂದೆ ನಾವೇ ಬರೆಯದಿದ್ದರೆ ಆ ಕೊರಗಿಗೆ ಬೆಲೆಯೇನು? ಇಂದು ಕೈಯಲ್ಲಿರುವ ಫೋನಿನಿಂದ ದಿನಕ್ಕೆ ಹತ್ತಾರು ಪಟಗಳನ್ನು ತೆಗೆಯುತ್ತೇವೆ. ಪಟಗಳು ಹೆಚ್ಚಿವೆ, ಹೆಸರುಗಳು ಹೆಚ್ಚಿಲ್ಲ.

ಆದುದರಿಂದ ಉಪಾಧ್ಯಾಯಮಿತ್ರರಲ್ಲಿ ನಮ್ಮದೊಂದು ಸೂಚನೆ. ವರ್ಷಕ್ಕೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಂದು ಹಳೆಯ ಪಟದ ವಿಷಯವಾಗಿ ಹಿರಿಯರನ್ನು ಕೇಳಿ ಒಂದು ಪುಟ ಬರೆಯಲಿ. ಪಟದಲ್ಲಿರುವವರ ಹೆಸರು, ಅವರಿಗೂ ತನಗೂ ಇರುವ ನಂಟು, ಊರು, ವರ್ಷ, ಪಟ ತೆಗೆಸಿದ ಸಂದರ್ಭ, ತಿಳಿದಿದ್ದರೆ ತೆಗೆದವರ ಹೆಸರು, ಅವರು ಯಾರ ಬಳಿ ಆ ಕೆಲಸವನ್ನು ಕಲಿತರೆಂಬ ವಿವರ, ಇಷ್ಟಿದ್ದರೆ ಸಾಕು. ಉಟ್ಟ ಸೀರೆಯನ್ನೂ ತೊಟ್ಟ ಒಡವೆಯನ್ನೂ ಅಜ್ಜಿಯು ಯಾವ ಮಾತಿನಿಂದ ಕರೆಯುತ್ತಾಳೋ ಅದೇ ಮಾತನ್ನು ಬರೆದುಕೊಳ್ಳಬೇಕು; ಪುಸ್ತಕದ ಮಾತಿಗೆ ತಿದ್ದಬಾರದು. ಪಟದ ಹಿಂದೆ ಹೆಸರು ಬರೆಯುವಾಗ ಮಸಿ ಬೇಡ, ಅದು ಮುಂಭಾಗಕ್ಕೆ ಊರುತ್ತದೆ. ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ, ಅಂಚಿನಲ್ಲಿ ಬರೆಯಬೇಕು. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದರೆ ಮನೆಯವರೆಲ್ಲರೂ ಓದಬಲ್ಲರು. ಪಟವನ್ನು ಅಂಟಿನಿಂದ ಅಂಟಿಸದೆ, ತೇವ ತಗಲದ ಕಡೆ, ಕಾಗದದ ಲಕೋಟೆಯಲ್ಲಿಡಬೇಕು. ಫೋನಿನ ಪಟಗಳಾದರೆ ಆರಿಸಿದ ಹತ್ತನ್ನು ಕಾಗದದ ಮೇಲೆ ತೆಗೆಸಿ ಇದೇ ರೀತಿ ಬರೆದಿಡಬಹುದು.

ಇದರಿಂದ ಹುಡುಗರಿಗೆ ಕನ್ನಡ ಬರಹದ ಅಭ್ಯಾಸವಾಗುತ್ತದೆ; ಇತಿಹಾಸವೆಂದರೆ ರಾಜರ ಕಥೆ ಮಾತ್ರವಲ್ಲವೆಂಬುದು ತಿಳಿಯುತ್ತದೆ; ಹಿರಿಯರೊಡನೆ ಒಂದು ಗಂಟೆ ಕುಳಿತಂತೆಯೂ ಆಗುತ್ತದೆ. ದಾಸೋಜನು ಕಲ್ಲಿನಲ್ಲಿ ತನ್ನ ಹೆಸರನ್ನು ಕಡೆಯಲು ಉಳಿಯನ್ನು ಎತ್ತಬೇಕಾಯಿತು. ನಮಗೆ ಬೇಕಾಗಿರುವುದು ಒಂದು ಸೀಸದ ಕಡ್ಡಿ, ಮತ್ತು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಕೇಳುವ ಮನಸ್ಸು.